ಗಾಲ್ಫ್ ಆಡಿದರೆ ಮನಸ್ಸು ಹಗುರ ಆಗುತ್ತಾ, ಇಲ್ಲ ಸುಮ್ನೆ ದೊಡ್ಡವರ ಶೋಕಿನಾ?

ಕೆಲಸದ ಮೇಲೆ ಬೀದರ್‌ನಿಂದ ಆಗಾಗ ಹೈದರಾಬಾದ್‌ಗೆ ಹೋಗುತ್ತೀರಿ, ಅಲ್ಲಿ ಆಫೀಸಿನವರು ಗಾಲ್ಫ್‌ಗೆ ಕರೆಯುತ್ತಾರೆ, ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ತಲೆ ತುಂಬ ಟೆನ್ಷನ್, ಹೋದರೆ ಏನಾದರೂ ಲಾಭ ಇದೆಯಾ ಅಂತ ಕೇಳಿದ್ದೀರಿ. ನಾನೂ ಬೀದರ್‌ನವನೇ. ಆಟ ಅಷ್ಟಕ್ಕಷ್ಟೇ. ಆದರೂ ಹೋಗಿ ಅಂತಲೇ ಹೇಳುತ್ತೇನೆ. ಆಟಕ್ಕಿಂತ, ಆಟದ ನಡುವೆ ಸಿಗುವ ಖಾಲಿ ಹೊತ್ತಿಗಾಗಿ ಹೋಗಿ.

ಲೆಕ್ಕ ಹಾಕಿ ನೋಡಿ. 18 ಹೋಲ್, ಅಂದರೆ ಚೆಂಡು ಬೀಳಿಸಬೇಕಾದ ಗುಂಡಿ, ಮುಗಿಸಲು ನಾಲ್ಕು ಗಂಟೆಯಾದರೂ ಬೇಕು. ನಮ್ಮಂಥವರು ಅಷ್ಟರಲ್ಲಿ ನೂರಕ್ಕೂ ಜಾಸ್ತಿ ಸಲ ಚೆಂಡಿಗೆ ಹೊಡೆಯುತ್ತೇವೆ. ಒಂದು ಹೊಡೆತಕ್ಕೆ ಎರಡು ಸೆಕೆಂಡ್ ಅಂತ ಹಿಡಿದರೂ, ನಿಜವಾದ ಆಟ ಮೂರ್ನಾಲ್ಕು ನಿಮಿಷ. ಉಳಿದದ್ದೆಲ್ಲ ನಡೆಯೋದು, ಕಾಯೋದು, ಹರಟೆ. ನಡಿಗೆಯೇ ಎಂಟು ಹತ್ತು ಕಿಲೋಮೀಟರ್ ಆಗುತ್ತದೆ. ಅದಕ್ಕೇ ಹೇಳೋದು, ಬ್ಯಾಟರಿ ಗಾಡಿ ಹತ್ತಬೇಡಿ. ಗಾಡಿಯಲ್ಲಿ ಓಡಾಡಿದರೆ ಅರ್ಧ ಲಾಭ ಹೋಯಿತು.

ಖರೇ ಹೇಳಬೇಕಂದ್ರೆ, ನನಗೆ ಇಷ್ಟವಾಗಿದ್ದು ಅಲ್ಲಿನ ಮಾತು. ಗಂಡಸರು ಎದುರುಬದುರು ಕೂತು ಕಷ್ಟ ಹೇಳಿಕೊಳ್ಳುವುದು ಕಡಿಮೆ, ಅಲ್ವಾ? ಚಹಾ ಅಂಗಡಿಯಲ್ಲಿ ರಾಜಕೀಯ, ಕ್ರಿಕೆಟ್, ತೊಗರಿ ರೇಟು, ಅಷ್ಟರಲ್ಲೇ ಮಾತು ಮುಗಿಯುತ್ತದೆ. ಗಾಲ್ಫ್‌ನಲ್ಲಿ ಪಕ್ಕಪಕ್ಕ ನಡೆಯುತ್ತೀರಿ, ಕಣ್ಣು ನೆಲದ ಮೇಲೆ. ಕಳೆದ ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ ಅಂತ ನಿಯಮ ಇದೆ, ಮೊದಲು ಐದಿತ್ತು. ಒಮ್ಮೆ ನನ್ನ ಜೊತೆಗಾರ ಪೊದೆಯೊಳಗೆ ಕೋಲಾಡಿಸುತ್ತಾ, ತಲೆ ಎತ್ತದೇ, ‘ಮೂರು ತಿಂಗಳಿಂದ ಸಂಬಳ ಆಗಿಲ್ಲ, ಮನೇಲಿ ಇನ್ನೂ ಹೇಳಿಲ್ಲ’ ಅಂದ. ನಾನೂ ಚೆಂಡು ಹುಡುಕುತ್ತಲೇ ಕೇಳಿಸಿಕೊಂಡೆ. ಚೆಂಡು ಸಿಗಲಿಲ್ಲ. ಮುಂದಿನ ಮೂರು ಹೋಲ್ ಅದೇ ಮಾತು.

ಇನ್ನೊಂದು ವಿಷಯ ಹ್ಯಾಂಡಿಕ್ಯಾಪ್. ಆಡಲು ಬಾರದವನಿಗೆ ಅವನ ಮಟ್ಟ ನೋಡಿ ಇಷ್ಟು ಹೊಡೆತ ಅಂತ ರಿಯಾಯಿತಿ ಕೊಡುತ್ತಾರೆ. ಹಾಗಾಗಿ ಅರವತ್ತು ದಾಟಿದ ಮಾವ, ಮೂವತ್ತರ ಅಳಿಯ ಒಟ್ಟಿಗೆ ಆಡಿ, ಮಾವನೇ ಗೆಲ್ಲಬಹುದು. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಬಾರದವನಿಗೆ ಫೀಲ್ಡಿಂಗ್ ಅಷ್ಟೇ ಗತಿ.

ಸಂಶೋಧನೆ ಏನನ್ನುತ್ತದೆ? ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯವರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆ ನೋಡಿದರು. ಅದೇ ವಯಸ್ಸಿನ, ಅದೇ ಸ್ಥಿತಿಗತಿಯ ಬೇರೆಯವರಿಗಿಂತ ಅವರಲ್ಲಿ ಸಾವಿನ ಪ್ರಮಾಣ ಶೇ. 40ರಷ್ಟು ಕಡಿಮೆ ಇತ್ತು. ಆದರೆ ಗಾಲ್ಫ್‌ನಿಂದಲೇ ಹೀಗಾಯಿತು ಅನ್ನೋಕಾಗಲ್ಲ. ಮೊದಲೇ ಗಟ್ಟಿಮುಟ್ಟಾಗಿರುವವರೇ ಆಡಲು ಬರುತ್ತಾರಲ್ಲ! ಮನಸ್ಸಿನ ವಿಷಯಕ್ಕೆ ಬಂದರೆ ಪುರಾವೆ ಇನ್ನೂ ತೆಳುವೇ. ಅದಕ್ಕೇ ಇದನ್ನು ಔಷಧಿ ಅಂತ ತಿಳಿಯಬೇಡಿ. ನಿದ್ದೆ ಇಲ್ಲದ್ದು ವಾರಗಟ್ಟಲೆ ಎಳೆದಿದ್ದರೆ ಬೀದರ್‌ನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ನ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನಸ್ಸು ಕೆಡಿಸುವ ಗಾಲ್ಫ್ ಕೂಡ ಇದೆ. ಬಾಸ್‌ನನ್ನು ಮೆಚ್ಚಿಸಲು ಆಡುವುದು, ಹೋಲ್‌ಗಿಷ್ಟು ಅಂತ ಬೆಟ್ ಕಟ್ಟುವುದು, ಪ್ರತಿ ಹೊಡೆತಕ್ಕೂ ತಲೆ ಚಚ್ಚಿಕೊಳ್ಳುವುದು. ಅಂಥವರ ಜೊತೆ ಹೋದರೆ ಇನ್ನಷ್ಟು ಬಿಪಿ ಏರಿಸಿಕೊಂಡು ಬರುತ್ತೀರಿ. ಮೊದಮೊದಲು ಸ್ಕೋರ್ ಬರೆಯಲೇಬೇಡಿ. 9 ಹೋಲ್ ಸಾಕು.

ಜಾಗದ ಮಾತು. ಗೋಲ್ಕೊಂಡದ ನಯಾ ಕಿಲಾದೊಳಗೆ ಹೈದರಾಬಾದ್ ಗಾಲ್ಫ್ ಕ್ಲಬ್‌ನ 18 ಹೋಲ್ ಮೈದಾನ ಇದೆ. ಕೋಟೆ ಗೋಡೆ ನೋಡುತ್ತಾ ಬೆಳೆದ ನಮಗೆ ಅಲ್ಲಿ ಊರಲ್ಲೇ ಇದ್ದ ಹಾಗೆ ಅನಿಸುತ್ತದೆ. ಗಚ್ಚಿಬೌಲಿಯಲ್ಲಿ ಬೌಲ್ಡರ್ ಹಿಲ್ಸ್ ಅನ್ನೋ ಇನ್ನೊಂದು ಗಾಲ್ಫ್ ಮೈದಾನ ಇದೆ. ಆದರೆ ಇದಕ್ಕೋಸ್ಕರವೇ ಬೀದರ್‌ನಿಂದ 140 ಕಿ.ಮೀ. ಹೋಗಿ ಬರುವುದು ಹುಚ್ಚು. ಹೇಗೂ ಹೋದಾಗ ಆಡಿ. ಊರಲ್ಲಿ ಇದ್ದಾಗ ಇಬ್ಬರು ದೋಸ್ತರನ್ನು ಕರೆದುಕೊಂಡು ಬೆಳಿಗ್ಗೆ ಬೀದರ್ ಕೋಟೆ ಸುತ್ತಿ, ಫೋನ್ ಮನೇಲಿ ಬಿಟ್ಟು. ನಡಿಗೆ, ಮಾತು ಎರಡೂ ಪುಕ್ಕಟೆ ಸಿಗುತ್ತವೆ.

ಕಿಟ್ ಈಗಲೇ ಕೊಳ್ಳಬೇಡಿ, ಕರೆದವರ ಕೋಲಲ್ಲೇ ಆಡಿ ನೋಡಿ. ಬೇಸಿಗೆಯಾದರೆ ಬೆಳಗಿನ ಆರಕ್ಕೇ ಶುರು ಮಾಡಿ. ಕಾಲರ್ ಇರುವ ಟೀ ಶರ್ಟ್ ಹಾಕಿಕೊಳ್ಳಿ. ಜೀನ್ಸ್ ಬೇಡ, ಎಷ್ಟೋ ಕ್ಲಬ್‌ಗಳಲ್ಲಿ ಅದಕ್ಕೆ ಒಳಗೇ ಬಿಡೋದಿಲ್ಲ.