ಕಟ್ಟೆರೋಗ ಮತ್ತು ಜೀವವಿಲ್ಲದ ಕಳ್ಳ ಚೀಟಿ

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರ ಪತ್ರ: "ವೈರಸ್ಸಿಗೆ ಜೀವವಿಲ್ಲ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಜೀವವೇ ಇಲ್ಲದ್ದು ನನ್ನ ಏಲಕ್ಕಿ ತೋಟದಲ್ಲಿ ಬುಡದಿಂದ ಬುಡಕ್ಕೆ ಹೇಗೆ ಹೋಗುತ್ತಿದೆ? ಅಂಗಡಿಯವರು ಹೇಳಿದ ಹಾಗೆ ಎರಡು ಸಲ ಬೋರ್ಡೋ ಹೊಡೆದೆ. ಕಡಿಮೆಯಾಗಲಿಲ್ಲ. ಎಲೆ ಕಳಿಸಿದ್ದೇನೆ, ನೋಡಿ."

ಸಂಪಾದಕರ ಉತ್ತರ:

ಎಲೆ ತಲುಪಿತು. ಮಡಚಿ ಲಕೋಟೆಗೆ ತುರುಕಿದ್ದರಿಂದ ಸ್ವಲ್ಪ ಬಾಡಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಡುನರದಿಂದ ಅಂಚಿನವರೆಗೆ ತಿಳಿಹಸಿರು ಗೀರುಗಳು, ಬಾಚಣಿಗೆ ಎಳೆದ ಹಾಗೆ ಸಾಲಾಗಿವೆ. ಏಲಕ್ಕಿಗೆ ವೈರಸ್ಸಿನಿಂದ ಬರುವ ಕಟ್ಟೆರೋಗವೇ ಇರಬೇಕು. ಜೊತೆಗಿಟ್ಟಿದ್ದ ಎಲೆಬುಡದ ಹಾಳೆಯ ಚೂರಿನಲ್ಲಿ ಕಂದುಬಣ್ಣದ ಒಂದು ಗಿಡಹೇನು ಒಣಗಿ ಅಂಟಿಕೊಂಡಿತ್ತು. ಅದನ್ನೂ ಕಳಿಸಿದ್ದೀರಿ ಅಂತ ನಿಮಗೇ ಗೊತ್ತಿರಲಿಕ್ಕಿಲ್ಲ!

ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಕೆಲಸ ಮಾಡಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ. ಅದು ಕೊಳೆರೋಗದಂಥವಕ್ಕೆ ಸರಿ. ಆ ರೋಗಾಣು ತಾನೇ ಉಣ್ಣುತ್ತದೆ, ತಾನೇ ಬೆಳೆಯುತ್ತದೆ, ಹಾಗಾಗಿ ಅದಕ್ಕೆ ವಿಷ ಇಡಬಹುದು. ವೈರಸ್ ಉಣ್ಣುವುದೂ ಇಲ್ಲ, ಉಸಿರಾಡುವುದೂ ಇಲ್ಲ. ವಿಷ ಇಡುವುದು ಯಾವುದಕ್ಕೆ?

ತೋಟದಲ್ಲಿ ಬೆಳಿಗ್ಗೆ ರೈಟರ್ ಚೀಟಿ ಕೊಡುತ್ತಾರೆ, ಆಳುಗಳು ಅದರಂತೆ ಕೆಲಸ ಮಾಡುತ್ತಾರೆ ಅಲ್ವಾ? ಆ ಚೀಟಿಗಳ ನಡುವೆ ಯಾರೋ ಒಂದು ಕಳ್ಳ ಚೀಟಿ ಸೇರಿಸಿದರು ಅಂದುಕೊಳ್ಳಿ. 'ಎಲ್ಲ ಕೆಲಸ ಬಿಡಿ. ಈ ಚೀಟಿಯನ್ನೇ ಸಾವಿರ ಸಲ ನಕಲು ಮಾಡಿ, ಒಂದೊಂದಕ್ಕೂ ಲಕೋಟೆ ಅಂಟಿಸಿ' ಅಂತ ಅದರಲ್ಲಿ ಬರೆದಿದೆ. ಆಳುಗಳು ಪಾಪ, ಹಾಗೇ ಮಾಡುತ್ತಾರೆ. ಚೀಟಿಗೆ ಕೈಕಾಲಿಲ್ಲ, ಹೊಟ್ಟೆಯಿಲ್ಲ. ದುಡಿಮೆಯೆಲ್ಲ ನಿಮ್ಮ ಆಳುಗಳದ್ದು, ಕೂಲಿಯೂ ನಿಮ್ಮದೇ. ವೈರಸ್ ಅಂದರೆ ಇಷ್ಟೇ: ಒಳಗೆ ಆರ್‌ಎನ್‌ಎ ಅಥವಾ ಡಿಎನ್‌ಎ ಎಂಬ ಚೀಟಿ, ಹೊರಗೆ ಪ್ರೋಟೀನಿನ ಲಕೋಟೆ. ಆಳುಗಳು ಏಲಕ್ಕಿಯ ಜೀವಕೋಶದೊಳಗಿನ ಯಂತ್ರಗಳು. ಕಟ್ಟೆಯ ಚೀಟಿ ಆರ್‌ಎನ್‌ಎಯದ್ದು.

ಜೀವವಿಲ್ಲ ಎಂದು ನಾವು ಬರೆದದ್ದಕ್ಕೆ ಒಂದು ಹಳೆಯ ಕಾರಣವಿದೆ. 1892ರಲ್ಲಿ ರಷ್ಯಾದ ಇವಾನೊವ್‌ಸ್ಕಿ ರೋಗದ ಹೊಗೆಸೊಪ್ಪಿನ ರಸವನ್ನು ಬ್ಯಾಕ್ಟೀರಿಯಾವೂ ದಾಟದ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ಹಚ್ಚಿತು. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಸೂಜಿಯಂಥ ಹರಳು ಮಾಡಿ ತೋರಿಸಿದರು. ಉಪ್ಪು, ಸಕ್ಕರೆ ಹರಳಾಗುತ್ತವೆ, ಅದು ಸರಿ. ರೋಗವೇ ಹರಳಾಗಿ ಸೀಸೆಯಲ್ಲಿ ಕೂತಿದೆ! ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ಶುರು. ಅದನ್ನು ಜೀವಿ ಎನ್ನಬೇಕೋ ಬೇಡವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನನ್ನು ಕೇಳಿದರೆ, ಕೋಶದ ಹೊರಗೆ ಅದು ಸುಮ್ನೆ ಬಿದ್ದಿರುವ ವಸ್ತು, ಒಳಗೆ ಹೊಕ್ಕರೆ ಯಜಮಾನ.

ಲಕೋಟೆಯೂ ಬೇಡ ಎನ್ನುವವು ಇವೆ. ವೈರಾಯ್ಡ್ ಅಂದರೆ ಬರೀ ಚೀಟಿ. ಆಲೂಗಡ್ಡೆ ನೂಲುವ ಕದಿರಿನಂತೆ ಉದ್ದವಾಗಿ ಸೊರಗುವ ರೋಗಕ್ಕೆ ಇದೇ ಕಾರಣ ಎಂದು 1971ರಲ್ಲಿ ಅಮೆರಿಕದ ವಿಜ್ಞಾನಿ ಡೀನರ್ ತೋರಿಸಿದರು. ಆ ಚೀಟಿಯಲ್ಲಿ 359 ಅಕ್ಷರ ಮಾತ್ರ. ನನ್ನ ಈ ಉತ್ತರವೇ ಅದಕ್ಕಿಂತ ಎಷ್ಟೋ ಉದ್ದ. ಚೀಟಿಯೂ ಇಲ್ಲದ್ದು ಪ್ರಿಯಾನ್. ಅದು ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಪಕ್ಕದ ಸರಿಯಾದ ಪ್ರೋಟೀನನ್ನೂ ತನ್ನ ಹಾಗೇ ಸೊಟ್ಟ ಮಾಡುತ್ತದೆ. ಬ್ರಿಟನ್ನಿನ 'ಹುಚ್ಚು ಹಸು' ರೋಗ ಅದರಿಂದ ಬಂದದ್ದು. ನಮ್ಮಲ್ಲಿ ಹುಚ್ಚುನಾಯಿ ಕಚ್ಚಿ ಹಸುವಿಗೆ ಬರುವುದು ಬೇರೆ, ಅದು ರೇಬೀಸ್ ವೈರಸ್. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ ಜನ.

ಈಗ ನಿಮ್ಮ ತೋಟಕ್ಕೆ ಬರೋಣ. ಚೀಟಿಗೆ ಕಾಲಿಲ್ಲ, ಹೇನಿಗೆ ಇದೆ. ರೋಗದ ಎಲೆಯ ರಸ ಹೀರಿದ ಹೇನು ಪಕ್ಕದ ಬುಡಕ್ಕೆ ಸ್ವಲ್ಪ ಹೊತ್ತು ಸೂಜಿ ಚುಚ್ಚಿದರೂ ಸಾಕು. ಹೇನಿಗೆ ಮದ್ದು ಹೊಡೆದರೂ ಅದು ಸಾಯುವಷ್ಟರಲ್ಲಿ ಕೆಲಸ ಮುಗಿಸಿರುತ್ತದೆ. ಮಳೆ ಬಿಟ್ಟ ಮೇಲೆ ಹೇನು ಜಾಸ್ತಿ. ಒಣಗಿ ಸಡಿಲವಾದ ಹಾಳೆಗಳ ಸಂದಿಯೇ ಅದರ ಮನೆ. ಅವನ್ನು ಸವರಿ ತೆಗೆಸಿ. ಬುಡದ ಹತ್ತಿರ ಕಾಡುಕೆಸ ಇದ್ದರೆ ಅದನ್ನೂ ಕೀಳಿಸಿ, ಅಲ್ಲೂ ಹೇನು ಬೆಳೆಯುತ್ತದೆ.

ಗೀರು ಬಿದ್ದ ಬುಡ ಮತ್ತೆ ಸರಿಹೋಗುವುದಿಲ್ಲ. ಗಡ್ಡೆ ಸಮೇತ ಕಿತ್ತು ನಾಶ ಮಾಡಬೇಕು. ಫಸಲು ಬರುವ ಬುಡ ಕೀಳುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು. 'ಈ ವರ್ಷದ ಕಾಯಿ ಬಿಡಿಸಿ ಆಮೇಲೆ ನೋಡೋಣ' ಅಂದರೆ ಆ ವರ್ಷವಿಡೀ ಅದು ಪಕ್ಕದವಕ್ಕೆ ಹಂಚುತ್ತಿರುತ್ತದೆ. ಅದರ ಕಂದು ಬೇರೆಡೆ ನೆಡಬೇಡಿ, ಅಕ್ಕಪಕ್ಕದವರಿಗೂ ಕೊಡಬೇಡಿ. ಬೀಜದಿಂದ ಕಟ್ಟೆ ಹರಡುವುದಿಲ್ಲ. ಸಸಿಮಡಿಯನ್ನು ರೋಗದ ತೋಟದಿಂದ ದೂರ ಮಾಡಿದರಾಯಿತು. ಅನುಮಾನವಿದ್ದರೆ ಮಡಿಕೇರಿ ಬಳಿಯ ಅಪ್ಪಂಗಳದಲ್ಲಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರಿಗೆ ಒಂದು ಎಲೆ ತೋರಿಸಿ.

ಈಗಾಗಲೇ ಕೊಯ್ದ ಕಾಯಿಯನ್ನು ಧಾರಾಳವಾಗಿ ಪಾಯಸಕ್ಕೆ ಹಾಕಿ. ಏಲಕ್ಕಿಯ ಚೀಟಿ ಓದಲು ನಮ್ಮ ದೇಹದ ಆಳುಗಳಿಗೆ ಬರುವುದಿಲ್ಲ. ನೀವು ಕಳಿಸಿದ ಎಲೆಯನ್ನು ಮಾತ್ರ ನಾನು ಒಲೆಗೆ ಹಾಕಿದೆ. ನಮ್ಮ ಹಿತ್ತಲಲ್ಲೂ ಎರಡು ಬುಡ ಏಲಕ್ಕಿ ಇದೆ.