ತವರಿನಿಂದ ಬಂದ ಲಕೋಟೆ: ಒಂದು ಆಪ್ತಸಲಹೆ ಪ್ರಕರಣ

ಕುಮಟಾ ಕಡೆಯ ದಂಪತಿ. ಗುರುತು ಸಿಗದಂತೆ ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಹೆಂಡತಿಯನ್ನು ಸುಮಾ ಎಂದು ಕರೆಯೋಣ. ವಯಸ್ಸು ನಲವತ್ತು ದಾಟಿದೆ. ತವರು ಘಟ್ಟದ ಮೇಲೆ, ಶಿರಸಿ ಕಡೆಯ ಅಡಕೆ ತೋಟದ ಮನೆ. ಎರಡು ತಿಂಗಳಿಂದ ನಿದ್ದೆ ಇರಲಿಲ್ಲ. ಊಟವಾಗಿ ಅರ್ಧ ಗಂಟೆಗೆ ಎದೆಯುರಿ. ವೈದ್ಯರು ಮಾಡಿಸಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿಸಿ, ದೇಹದಲ್ಲಿ ತೊಂದರೆ ಕಾಣದೆ ನನ್ನಲ್ಲಿಗೆ ಕಳುಹಿಸಿದ್ದರು.

ತೊಂದರೆ ಅವರ ಕೈಚೀಲದಲ್ಲಿತ್ತು. ಅಣ್ಣ ಕಳುಹಿಸಿದ್ದ ಹಕ್ಕು ಬಿಡುಗಡೆ ಪತ್ರದ ಕರಡು. ಅಪ್ಪಯ್ಯ ತೀರಿಕೊಂಡು ಕೆಲವು ವರ್ಷಗಳಾಗಿವೆ, ಅಣ್ಣನಿಗೆ ಈಗ ಬ್ಯಾಂಕಿನ ಸಾಲ ಬೇಕು, ಅದಕ್ಕೆ ತಂಗಿಯ ಸಹಿ ಬೇಕು. ಫೋನಿನಲ್ಲಿ ಅಣ್ಣ ನಗುತ್ತಲೇ ಅಂದಿದ್ದರಂತೆ: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ನಿನಗೇನು ತೋಟದ ಗೊಡವೆ?" ನಗು ಅಣ್ಣನದಾಗಿತ್ತು, ಎದೆಯುರಿ ತಂಗಿಗೆ ಬಂತು.

ಮೊದಲ ದಿನ ಮಾತನಾಡಿದ್ದೆಲ್ಲ ಗಂಡ. "ಕಾನೂನು ಸ್ಪಷ್ಟವಾಗಿದೆ ಮೇಡಂ. ಮಗಳಿಗೂ ಮಗನಷ್ಟೇ ಪಾಲು. ನ್ಯಾಯವಾಗಿ ಬರಬೇಕಾದ್ದನ್ನು ಬಿಡುವುದು ಯಾಕೆ?" ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸುಮಾ ಕೊನೆಗೆ ಹೇಳಿದ್ದು ಇಷ್ಟೇ: "ಪಾಲು ಕೇಳಿದರೆ ನಾಳೆ ಹಬ್ಬಕ್ಕೆ ಕರೆಯುವವರು ಯಾರು? ಆಯಿ (ಅಮ್ಮ) ಇನ್ನೂ ಇದ್ದಾಳೆ. ಅವಳನ್ನು ನೋಡುವುದಕ್ಕಾದರೂ ನಾನು ಆ ಮೆಟ್ಟಿಲು ಹತ್ತಬೇಕಲ್ಲ."

ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು. ಆ ಸಂಜೆ ಟಿಪ್ಪಣಿ ಪುಸ್ತಕದಲ್ಲಿ ಗೆರೆ ಎಳೆದು, ಒಂದು ಕಡೆ 'ನ್ಯಾಯ', ಇನ್ನೊಂದು ಕಡೆ 'ಆರೈಕೆ' ಎಂದು ಬರೆದೆ. ಗಂಡನನ್ನು ಅಲ್ಲಿ, ಹೆಂಡತಿಯನ್ನು ಇಲ್ಲಿ ಕೂರಿಸಿದೆ. ಓದಿದ್ದು ಅದೇ ತಾನೆ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ನೈತಿಕ ಬೆಳವಣಿಗೆಯನ್ನು ಆರು ಹಂತಗಳಾಗಿ ವಿಂಗಡಿಸಿದರು. ಶಿಕ್ಷೆಯ ಹೆದರಿಕೆ ಕೆಳಗಿನ ಮೆಟ್ಟಿಲು; ನಾಲ್ಕು ಜನರಿಂದ ಒಳ್ಳೆಯವರೆನಿಸಿಕೊಳ್ಳುವ ಹಂಬಲ ಮೂರನೆಯದು; ಕಾನೂನು, ಸಮಾಜದ ವ್ಯವಸ್ಥೆ ನಾಲ್ಕನೆಯದು; ಎಲ್ಲಕ್ಕೂ ಮೇಲೆ ಯಾರಿಗೂ ಅನ್ವಯಿಸುವ ತತ್ವಗಳು. ಹೆಂಗಸರ ಉತ್ತರಗಳು ಹೆಚ್ಚಾಗಿ ಮೂರನೆಯದರಲ್ಲೇ ನಿಲ್ಲುತ್ತವೆ ಎಂಬ ಮಾತೂ ಅದರ ಬೆನ್ನಿಗೇ ಬಂತು. ಆ ಮೆಟ್ಟಿಲುಗಳನ್ನು ಕಟ್ಟಿದ 1958ರ ಅಧ್ಯಯನದಲ್ಲಿದ್ದವರು ಹುಡುಗರು ಮಾತ್ರ. ಅದನ್ನು ಎತ್ತಿ ತೋರಿಸಿದವರು ಅವರ ಜೊತೆ ಕೆಲಸ ಮಾಡಿದ್ದ ಕ್ಯಾರಲ್ ಗಿಲಿಗನ್. ಹೆಣ್ಣುಮಕ್ಕಳು ಹಿಂದುಳಿದಿಲ್ಲ, ಸಂಬಂಧ ಮತ್ತು ಹೊಣೆಯ, ಅಂದರೆ ಆರೈಕೆಯ, ಬೇರೊಂದು ದಾರಿಯಲ್ಲಿ ಬೆಳೆಯುತ್ತಾರೆ ಎಂದು ಅವರು 1982ರಲ್ಲಿ ವಾದಿಸಿದರು.

ಈ ದಂಪತಿ ಆ ವಾದಕ್ಕೆ ಹೇಳಿ ಮಾಡಿಸಿದಂತಿದ್ದರು. ಅಷ್ಟು ಸರಿಯಾಗಿ ಹೊಂದಿಕೊಂಡಾಗಲೇ ನಾನು ಅನುಮಾನಪಡಬೇಕಿತ್ತು.

ಎರಡನೆಯ ಭೇಟಿಯಲ್ಲಿ ಸುಮಾ ಒಬ್ಬರೇ ಬಂದರು. ಮಾತನಾಡುವಾಗ ಬಲಗೈಯ ಹೆಬ್ಬೆರಳಿನ ಬುಡವನ್ನು ಇನ್ನೊಂದು ಕೈಯಿಂದ ಉಜ್ಜುತ್ತಲೇ ಇದ್ದರು. ಅಲ್ಲೊಂದು ಹಳೆಯ ಗಾಯದ ಗುರುತು, ಹುಣಸೆ ಬೀಜದಷ್ಟು ಉದ್ದ. ಕೇಳಿದೆ. "ಮೆಟ್ಟುಗತ್ತಿಯದು," ಅಂದರು. ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಹಸಿ ಅಡಕೆ ಸುಲಿಯುತ್ತಿದ್ದರಂತೆ. ಅಣ್ಣ ಧಾರವಾಡದಲ್ಲಿ ಓದುತ್ತಿದ್ದ ವರ್ಷಗಳು ಅವು. ಕೈಯ ಚೊಗರು ಹೋಗದೆ, ಕಾಲೇಜಿನಲ್ಲಿ ಬೆರಳು ಮಡಚಿಕೊಂಡು ಕೂರುತ್ತಿದ್ದೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಸುಲಿದ ಅಡಕೆಯ ಲೆಕ್ಕ ಯಾರು ಇಟ್ಟಿದ್ದಾರೆ?" ಎಂದು ಕೇಳಿದರು.

ಇದು ಆರೈಕೆಯ ಭಾಷೆಯಲ್ಲ, ಲೆಕ್ಕದ ಭಾಷೆ, ಅಪ್ಪಟ ನ್ಯಾಯದ ಭಾಷೆ. 'ನಿಮ್ಮ ಮಗಳಿಗೆ ಪಾಲು ಎಷ್ಟು?' ಎಂದೆ. ರೆಪ್ಪೆ ಮಿಟುಕಿಸದೆ "ಮಗನಷ್ಟೇ" ಎಂದರು.

ಮೂರನೆಯ ಸಲ ಗಂಡನೊಬ್ಬರನ್ನೇ ಕರೆದು ಕೇಳಿದೆ: ನಿಮಗೆ ಅಕ್ಕ, ತಂಗಿ ಇದ್ದಾರೆಯೇ? ಒಬ್ಬಳು ಅಕ್ಕ. ಅವರ ಪಾಲು? ಕುರ್ಚಿಯಲ್ಲಿ ಸರಿದು ಕುಳಿತರು. ಅಕ್ಕ ಹತ್ತು ವರ್ಷದ ಹಿಂದೆಯೇ ಸಹಿ ಹಾಕಿದ್ದಾರೆ. "ಅವಳು ಕೇಳಲೇ ಇಲ್ಲ ಮೇಡಂ. ನಮ್ಮಲ್ಲಿ ಹಾಗೆಲ್ಲ ಲೆಕ್ಕ ಇಲ್ಲ. ಚೌತಿಗೆ ಕರೆಯುತ್ತೇವೆ, ಸೀರೆ ಕೊಡುತ್ತೇವೆ. ಸಂಬಂಧ ಚೆನ್ನಾಗಿದೆ."

ಮಾವನ ಮನೆಯ ಜಗುಲಿಯಲ್ಲಿ ನಿಂತಾಗ ಕಾನೂನು, ತನ್ನ ಮನೆಯ ಜಗುಲಿಯಲ್ಲಿ ಸಂಬಂಧ. ಸುಮಾ ಅವರದು ಇದರ ಮಗ್ಗುಲು ಬದಲಾಯಿಸಿದ ರೂಪ: ತವರಿನಲ್ಲಿ ಸಂಬಂಧ, ಮಗಳ ವಿಷಯಕ್ಕೆ ಬಂದರೆ ನ್ಯಾಯ. ಇಬ್ಬರಿಗೂ ಎರಡು ಭಾಷೆಯೂ ಬರುತ್ತವೆ. ಯಾವುದನ್ನು ಆಡುತ್ತಾರೆ ಎಂಬುದು ಗಂಡೋ ಹೆಣ್ಣೋ ಎನ್ನುವುದಕ್ಕಿಂತ, ಮುರಿದರೆ ಯಾರಿಗೆ ನಷ್ಟ ಎಂಬುದನ್ನು ನೋಡಿಕೊಂಡು ನಿರ್ಧಾರವಾಗುತ್ತದೆ. ಸಂಶೋಧನೆಯೂ ಈ ಕಡೆಗೇ ವಾಲಿದೆ. ಸಾರಾ ಜ್ಯಾಫಿ ಮತ್ತು ಜಾನೆಟ್ ಹೈಡ್ 2000ರಲ್ಲಿ 113 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಗಂಡು ಹೆಣ್ಣಿನ ನಡುವೆ ಸಿಕ್ಕಿದ ಅಂತರ ಚಿಕ್ಕದು. ಟಿಪ್ಪಣಿ ಪುಸ್ತಕದ ಆ ಪುಟವನ್ನು ನಾನು ಹರಿಯಲಿಲ್ಲ, ಅಡ್ಡಗೆರೆ ಎಳೆದು ಇಟ್ಟುಕೊಂಡಿದ್ದೇನೆ.

ಹಾಗೆಂದು ಗಿಲಿಗನ್ ಕೆಲಸಕ್ಕೆ ಬರಲಿಲ್ಲವೆಂದಲ್ಲ. ಅವರು ಹೇಳುವ ಮೂರು ಹಂತಗಳಲ್ಲಿ ಮೊದಲನೆಯದು ತನ್ನ ಉಳಿವು, ಎರಡನೆಯದು ತನ್ನನ್ನು ಸವೆಸಿಕೊಂಡು ಒಳ್ಳೆಯವಳಾಗುವುದು, ಮೂರನೆಯದು ಯಾರಿಗೂ ನೋವಾಗದಂತೆ ನೋಡಿಕೊಳ್ಳುವಾಗ ಆ 'ಯಾರಿಗೂ' ಎಂಬುದರೊಳಗೆ ತನ್ನನ್ನೂ ಸೇರಿಸಿಕೊಳ್ಳುವುದು. ಸುಮಾ ಸಿಕ್ಕಿಕೊಂಡಿದ್ದು ಎರಡರಿಂದ ಮೂರಕ್ಕೆ ಹೋಗುವ ದಾರಿಯಲ್ಲಿ. ಊರೂ ಆ ಎರಡನೆಯ ಹಂತವನ್ನೇ ಹೊಗಳುತ್ತದೆ. ಪಾಲು ಬಿಟ್ಟ ಮಗಳು ದೊಡ್ಡ ಮನಸ್ಸಿನವಳು. ಪಾಲು ಬಿಟ್ಟ ಮಗನನ್ನು ದಡ್ಡ ಎನ್ನುತ್ತಾರೆ. (ನನ್ನ ತವರಿನ ಕಾಗದಕ್ಕೆ ನಾನೂ ಓದದೆ ಸಹಿ ಹಾಕಿದವಳು. ಅದಕ್ಕಾಗಿಯೇ ಈ ಪ್ರಕರಣದಲ್ಲಿ ನನ್ನ ಬಾಯಿಯ ಮೇಲೆ ನಾನೇ ಕಣ್ಣಿಡಬೇಕಾಯಿತು.)

ಪಾಲು ತೆಗೆದುಕೊಳ್ಳಿ ಎಂದಾಗಲಿ, ಬಿಡಿ ಎಂದಾಗಲಿ ನಾನು ಹೇಳಲಿಲ್ಲ. ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ಎಂದೆ: ನನ್ನದು ಏನು, ಅದನ್ನು ನಾನು ಏನು ಮಾಡಲಿ. ಮೊದಲನೆಯದು ಗೊತ್ತಿಲ್ಲದೆ ಎರಡನೆಯದಕ್ಕೆ ಉತ್ತರಿಸಿದರೆ ಅದು ದಾನವೂ ಆಗುವುದಿಲ್ಲ. ನೋಂದಣಿಯಾದ ಬಿಡುಗಡೆ ಪತ್ರವನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ, ಆದ್ದರಿಂದ ವಕೀಲರಿಗೆ ತೋರಿಸುವವರೆಗೆ ಸಹಿ ಬೇಡ. ವಕೀಲರ ಶುಲ್ಕದ ಚಿಂತೆಗೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ. ಅಣ್ಣನಿಗೆ 'ಇಲ್ಲ' ಎನ್ನುವ ಬದಲು, 'ದೀಪಾವಳಿಯವರೆಗೆ ಸಮಯ ಕೊಡು, ನಾನೇ ಬಂದು ಮಾತನಾಡುತ್ತೇನೆ' ಎಂದು ಹೇಳಲು ತಿಳಿಸಿದೆ. ಹೋಗುವಾಗ ಗಂಡನನ್ನು ಕರೆದುಕೊಂಡು ಹೋಗಬೇಡಿ ಎಂದೂ ಸೇರಿಸಿದೆ. ಭಾವ ಬಂದರೆ ಮಾತು ಎರಡು ಮನೆಗಳ ಜಗಳವಾಗುತ್ತದೆ, ತಂಗಿ ಒಬ್ಬಳೇ ಹೋದರೆ ಅಣ್ಣ ತಂಗಿಯ ಮಾತಾಗಿಯೇ ಉಳಿಯಬಹುದು.

ಗಂಡನಿಗೆ ಎರಡು ಮಾತು. ಒಂದು ತಿಂಗಳು ಮನೆಯಲ್ಲಿ ತೋಟದ ಸುದ್ದಿ ಎತ್ತಬೇಡಿ. ಮತ್ತೆ, ನಿಮ್ಮ ಅಕ್ಕನಿಗೆ ಒಂದು ಫೋನ್ ಮಾಡಿ, ಆ ದಿನ ಸಹಿ ಹಾಕುವಾಗ ಏನನ್ನಿಸಿತ್ತು ಎಂದು ಕೇಳಿ. ಮೊದಲನೆಯದಕ್ಕೆ ತಲೆಯಾಡಿಸಿದರು.

ದೀಪಾವಳಿಗೆ ಮೊದಲೇ ಸುಮಾ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಒಬ್ಬರೇ ಹೋದರು. ಮೊದಲ ದಿನ ಅಣ್ಣ ಮುಖ ಕೊಡಲಿಲ್ಲವಂತೆ. ಎರಡನೆಯ ದಿನ ಆಯಿಯೇ ಅಡುಗೆಮನೆಯಿಂದ ಬಂದು, "ಅವಳೂ ಈ ಮನೆಯಲ್ಲಿ ಅಡಕೆ ಸುಲಿದಿದ್ದಾಳೆ," ಎಂದಳಂತೆ. ಕೊನೆಗೆ ಆದದ್ದು ಗಂಡ ಬಯಸಿದಷ್ಟೂ ಅಲ್ಲ, ಅಣ್ಣ ಕಳುಹಿಸಿದ ಕರಡೂ ಅಲ್ಲ. ತೋಟ ಅಣ್ಣನಿಗೆ, ಸುಮಾ ಅವರ ಪಾಲಿನ ಬೆಲೆಯ ಒಂದು ಭಾಗ ಮೂರು ಕಂತಿನಲ್ಲಿ ಮಗಳ ಖಾತೆಗೆ, ಆಯಿಯ ಜೀವನಾಂಶ ಬರಹದಲ್ಲಿ. ಕಡಿಮೆಯಾಯಿತು ಎಂದು ಗಂಡನಿಗೆ ಈಗಲೂ ಅಸಮಾಧಾನ. ಸುಮಾ ಅವರಿಗೆ ನಿದ್ದೆ ಬರುತ್ತಿದೆ, ಎದೆಯುರಿ ಪೂರ್ತಿ ಹೋಗಿಲ್ಲ.

ಅಕ್ಕನಿಗೆ ಫೋನ್ ಇನ್ನೂ ಹೋಗಿಲ್ಲ. ಹೋದ ವಾರ ಗಂಡನೇ ನನಗೆ ಕರೆ ಮಾಡಿ, ಒಬ್ಬನೇ ಬರಬಹುದೇ ಎಂದು ಕೇಳಿದರು. ಗುರುವಾರ ಸಂಜೆ ಬನ್ನಿ ಎಂದಿದ್ದೇನೆ.