ಬೆನ್ನಿಗೊಂದು ಮದ್ದು, ಅಂಗಾಲಿಗೊಂದು ಮದ್ದು

ಬಳ್ಳಾರಿಯ ಕೌಲ್ ಬಜಾರ್ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಪತ್ರ ಬರೆದಿದ್ದಾರೆ. ವಯಸ್ಸು ಐವತ್ತು ದಾಟಿದೆ. ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುತ್ತಾರೆ. ಬಹಳ ವರ್ಷದಿಂದ ಶುಗರ್ ಇದೆ. ರಾತ್ರಿಯಾದರೆ ಎರಡೂ ಅಂಗಾಲು ಉರಿ. ಜೊತೆಗೆ ಸೊಂಟ ನೋವು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಎಲ್4-ಎಲ್5 (ಸೊಂಟದ ಕೆಳಗಿನ ಎರಡು ಮೂಳೆ) ಹತ್ತಿರ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಎಂದಿದೆಯಂತೆ. "ಬೆನ್ನಿನ ನರ ಒತ್ತಿದ್ದಕ್ಕೇ ಕಾಲು ಉರೀತದೆ ಅಂತ ಎಲ್ಲಾರೂ ಹೇಳ್ತಾರ. ಸೊಂಟ ನೆಟ್ಟಗಾದ್ರೆ ಕಾಲೂ ನೆಟ್ಟಗಾಗ್ತದೇನ್ರಿ? ಕೆಲಸ ಬಿಡಬೇಕೇನು?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಕ್ಕಾ, "ದಿನಾ ಒಂದು ನೋವು ಹೇಳ್ತಾಳೆ ಅಂತ ಮನೆಯವರು ನಗ್ತಾರೆ" ಎಂದೂ ಬರೆದಿದ್ದೀರಿ. ನಗಲಿ ಬಿಡಿ. ನಿಮಗಿರುವುದು ಎರಡು ನೋವು, ಎರಡನ್ನೂ ಹೇಳಲೇಬೇಕು. ನಾನು ಡಾಕ್ಟರಲ್ಲ. ಓದಿ, ಕೇಳಿ ತಿಳಿದಷ್ಟನ್ನು ಹೇಳುತ್ತೇನೆ.

ಸೊಂಟದಿಂದ ಇಳಿಯುವ ನೋವು ಸಾಮಾನ್ಯವಾಗಿ ಒಂದೇ ಕಾಲಿಗೆ ಬರುತ್ತದೆ. ಕುಂಡೆಯಿಂದ ಶುರುವಾಗಿ ತೊಡೆ, ಮೀನಖಂಡ ದಾಟಿ ಪಾದಕ್ಕೆ ಎಳೆಯುತ್ತದೆ. ಕೆಮ್ಮಿದರೆ, ಬಗ್ಗಿದರೆ ಜಾಸ್ತಿಯಾಗುತ್ತದೆ. ಶುಗರ್‌ನಿಂದ ನರ ಕೆಟ್ಟಾಗ ಹಾಗಲ್ಲ. ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರಗಳು ಮೊದಲು ಸೊರಗುತ್ತವೆ. ಹಾಗಾಗಿ ಎರಡೂ ಕಾಲಿನ ಬೆರಳಲ್ಲಿ ಶುರುವಾಗಿ ನಿಧಾನಕ್ಕೆ ಮೇಲೇರುತ್ತದೆ, ರಾತ್ರಿ ಹೆಚ್ಚು ಕಾಡುತ್ತದೆ. ನೀವು ಬರೆದಿರುವುದು ಹೆಚ್ಚುಕಡಿಮೆ ಇದನ್ನೇ ಅಲ್ವಾ? ಕೆಲವರಿಗೆ ಎರಡೂ ಇರುತ್ತವೆ, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಇದಕ್ಕೆ ದೊಡ್ಡ ಮಷೀನು ಬೇಡ. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ಬಡಿದರೆ ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ಮೇಲಿಟ್ಟು ನಿಮಗೆ ಗೊತ್ತಾಗುತ್ತದೆಯೇ ಎಂದು ನೋಡುತ್ತಾರೆ. ಶುಗರ್‌ಗೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ನುಂಗುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಕೇಳಿ. ಆ ಮಾತ್ರೆ ಬಿ12 ಇಳಿಸಬಹುದು, ಬಿ12 ಕಡಿಮೆಯಾದರೂ ಕಾಲು ಉರಿಯುತ್ತದೆ.

ರಿಪೋರ್ಟ್ ನೋಡಿ ಗಾಬರಿಯಾಗಬೇಡಿ. ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 50ರ ವಯಸ್ಸಿನವರಲ್ಲಿ ಶೇ 60ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಅವರೆಲ್ಲ ಆರಾಮಾಗಿದ್ದವರು!

ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ಸಾಲು ಬೇರೆ. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಮಗಳು ನಿಮ್ಮ ಅಂಗಾಲಿನಿಂದ ಮುರಿದ ಸೂಜಿ ತುಂಡು ತೆಗೆದಳು, ನಿಮಗೆ ಚುಚ್ಚಿದ್ದೇ ಗೊತ್ತಿರಲಿಲ್ಲ. ರಾತ್ರಿ ಉರಿಯುವ ಕಾಲೇ ಹಗಲು ಸೂಜಿ ಚುಚ್ಚಿದರೂ ಸುಮ್ಮನಿರುತ್ತದೆ. ಉರಿಯೂ ಜೋಮೂ ಕೆಟ್ಟ ನರದ ಕೆಲಸವೇ. ಹೀಗಿರುವಾಗ ಉರಿಗೆಂದು ಬಿಸಿನೀರಿನ ಚೀಲ ಇಡುತ್ತೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಸೊಂಟಕ್ಕೆ ಹದವಾದ ಬಿಸಿ ಕೊಡಿ, ಪಾದಕ್ಕೆ ಬೇಡವೇ ಬೇಡ. ಬಳ್ಳಾರಿಯ ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ಹೋಗಬೇಡಿ, ಗುಡಿ ಅಂಗಳವಾದರೂ ಅಷ್ಟೇ. ಮಲಗುವ ಮುಂಚೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ.

ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ, ಡೈಕ್ಲೊಫೆನಾಕ್ ಅಂಥದ್ದು, ಸೊಂಟಕ್ಕೆ ನಾಲ್ಕು ದಿನ ಹಿಡಿಸಬಹುದು. ನರದ ಉರಿಗೆ ಹತ್ತುವುದಿಲ್ಲ. ಶುಗರ್ ಇದ್ದವರು ಅದನ್ನು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಏಟು. ಬೆನ್ನಿಗೆ ಇಂಜೆಕ್ಷನ್ ಹಾಕಿಸೋಣ ಎಂದು ಯಾರಾದರೂ ಹೇಳಿದರೆ "ಸ್ಟೆರಾಯ್ಡಾ?" ಎಂದು ಕೇಳಿ. ಅದು ಕೆಲವು ದಿನ ಶುಗರ್ ಏರಿಸುತ್ತದೆ. ಹೆಸರಿಲ್ಲದ ಪುಡಿ ಪೊಟ್ಟಣದ ತಂಟೆಗೇ ಹೋಗಬೇಡಿ.

ನರದ ಉರಿಗೆಂದೇ ಬೇರೆ ಮಾತ್ರೆಗಳಿವೆ: ಪ್ರಿಗಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್. ಡುಲಾಕ್ಸೆಟಿನ್ ಕೆಲವರಿಗೆ ಹಳೆಯ ಸೊಂಟ ನೋವಿಗೂ ಆಗಿಬರುತ್ತದೆ, ಹಾಗಾಗಿ ನಿಮ್ಮಂಥವರ ವಿಷಯದಲ್ಲಿ ಅದನ್ನು ಕೇಳಿ ನೋಡುವುದು ಒಳ್ಳೆಯದು. ಯಾವುದೂ ಒಂದೇ ದಿನಕ್ಕೆ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು. ಉರಿ ಅರ್ಧ ಇಳಿದರೂ ಲಾಭವೇ. ಶುರುವಿನಲ್ಲಿ ಮಂಪರು, ತಲೆಸುತ್ತು ಬರಬಹುದು. ನೀವು ಮಷೀನಿನ ಮುಂದೆ ಕೂರುವವರು, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಹಾಗೆಯೇ ಅವರನ್ನು ಕೇಳದೆ ಈ ಮಾತ್ರೆಗಳನ್ನು ಒಮ್ಮೆಲೇ ಬಿಡಬೇಡಿ.

ಅಂದಮೇಲೆ ಸೊಂಟ ನೆಟ್ಟಗಾದರೆ ಕಾಲು ನೆಟ್ಟಗಾಗುತ್ತದೆ ಎಂದು ಕಾಯುತ್ತಾ ಕೂರಬೇಡಿ. ಆದರೆ ಒಂದು ಇನ್ನೊಂದನ್ನು ಕೆಣಕುವುದು ನಿಜ. ಉರಿಗೆ ನಿದ್ದೆ ಕೆಟ್ಟರೆ ಮರುದಿನ ಸೊಂಟ ಜಾಸ್ತಿ ನೋಯುತ್ತದೆ. ಸೊಂಟ ಹಿಡಿದಿದೆ ಎಂದು ನಡೆಯುವುದು ಬಿಟ್ಟರೆ ಶುಗರ್ ಏರುತ್ತದೆ. ಪಕ್ಕದ ಮನೆಯವರು ಹೇಳಿದಂತೆ ತಿಂಗಳು ನೆಲದ ಮೇಲೆ ಮಲಗಿದರೆ ಎರಡೂ ಕೆಡುತ್ತವೆ.

ಕೆಲಸ ಬಿಡುವ ಮುಂಚೆ ಕೂರುವ ರೀತಿ ಬದಲಿಸಿ ನೋಡಿ. ಬೆನ್ನಿಗೆ ಆಸರೆ ಇಲ್ಲದ ಸ್ಟೂಲು, ಮುಂದೆ ಬಗ್ಗಿದ ಕತ್ತು, ಮಡಿಲಲ್ಲಿ ಭಾರದ ಡೆನಿಮ್. ಇಷ್ಟು ಸಾಕು ಸೊಂಟ ಹಿಡಿಯಲಿಕ್ಕೆ. ಆಸರೆ ಇರುವ ಕುರ್ಚಿ ಕೇಳಿ. ಒಂದು ಬಂಡಲ್ ಮುಗಿದಾಗ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಪೀಸ್ ಲೆಕ್ಕದಲ್ಲಿ ಅದೂ ಕಷ್ಟ, ಗೊತ್ತಿದೆ.

ತವರು ಕುಷ್ಟಗಿ ಕಡೆ, ಬೋರ್ ನೀರು ಕುಡಿದು ಬೆಳೆದವಳು ಎಂದಿದ್ದೀರಿ. ಇದನ್ನೂ ಡಾಕ್ಟರಿಗೆ ಹೇಳಿ. ಆ ಭಾಗದ ಎಷ್ಟೋ ಬೋರ್‌ಗಳ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಬಹಳ ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುತ್ತವೆ.

ಉಚ್ಚೆ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಶಕ್ತಿ ಇಳಿದರೆ ಅವತ್ತೇ ವಿಮ್ಸ್‌ಗೆ, ಅಂದರೆ ಈಗ ಬಿಎಂಸಿಆರ್‌ಸಿ ಎನ್ನುವ ಬಳ್ಳಾರಿಯ ಸರ್ಕಾರಿ ದೊಡ್ಡಾಸ್ಪತ್ರೆಗೆ, ಹೋಗಿ. ಸೊಂಟ ನೋವಿನ ಜೊತೆ ಜ್ವರ ಬಂದು, ತೂಕ ಇಳಿಯುತ್ತಿದ್ದರೂ ತಡ ಮಾಡಬೇಡಿ, ಬೆನ್ನುಮೂಳೆಗೆ ಟಿಬಿ ಬರುವುದುಂಟು. ಅಂಥದ್ದೇನೂ ಇಲ್ಲದಿದ್ದರೆ ಈ ವಾರವೇ ಒಂದು ದಿನ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿರುವ ಎಲ್ಲ ಮಾತ್ರೆ ಹಾಳೆಗಳನ್ನೂ, ಅಂಗಡಿಯಿಂದ ತಂದವೂ ಸೇರಿ, ಒಂದು ಚೀಲಕ್ಕೆ ಹಾಕಿಕೊಂಡು ಮಗಳ ಜೊತೆ ಹೋಗಿ. ಸೂಜಿಯ ವಿಷಯ ಅವಳೇ ಹೇಳಲಿ.